ಹೊರಡುವ ಮುನ್ನ ಒಂದು ಕ್ಷಣ

ಕಾರು ಕೊಳ್ಳಲು ಬಂದ ಮೂವರೂ ಆಕ್ಸಿಲರೇಟರ್ ಒತ್ತಿ ನೋಡಿದೊಡನೆ ಮುಖ ಸಿಂಡರಿಸಿಕೊಂಡು ಇಳಿದು ಹೋಗಿದ್ದರು. ನಾಲ್ಕನೆಯವರು ಒಬ್ಬ ಹಿರಿಯ ಹೆಂಗಸು. ಇವರೂ ಬೇಡವೆಂದರೆ ಹೆಂಡತಿಯ ಬಾಯಿಗೆ ಇನ್ನೊಂದು ವಾರ ಆಹಾರವಾಗುವುದು ಖಚಿತ. ಪಕ್ಕದ ಸೀಟಿನಲ್ಲಿ ಕುಳಿತ ಕಾರಿನ ಮಾಲೀಕ ಪರಮಶಿವಯ್ಯ ಮನಸ್ಸಿನಲ್ಲೇ ಶಿವನಾಮ ಜಪಿಸಿದ.

"ನೋಡೋಕೆ ಪುಟ್ಟದು ಮೇಡಂ, ಓಟಕ್ಕೆ ಚಿರತೆ! ಗೇರ್ ಬದಲಾಯಿಸೋ ರಗಳೆನೇ ಇಲ್ಲ, ಎಲ್ಲಾ ಅದೇ ನೋಡ್ಕೊಳ್ಳುತ್ತೆ."

ಆಕೆ ಆಕ್ಸಿಲರೇಟರ್ ಒತ್ತಿದರು. ಕಾರು ಕದಲಲಿಲ್ಲ. ಇನ್ನಷ್ಟು ಒತ್ತಿದರು. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಯಾರೋ ಚಿವುಟಿ ಎಬ್ಬಿಸಿದಂತೆ ಅದು ಮುಂದಕ್ಕೆ ಚಿಮ್ಮಿತು.

"ನಿಮ್ಮ ಚಿರತೆ ಹೊರಡೋಕೆ ಮುಂಚೆ ಆಕಳಿಸುತ್ತಲ್ರೀ?"

"ಬೆಳಗಿನ ತಂಡಿ ಮೇಡಂ..." ಎಂದವನಿಗೆ ಶಿವನಾಮ ಹೇಳಿದ ಬಾಯಲ್ಲೇ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ತಂಡಿ ಅಲ್ಲ. ಇದರ ಬುದ್ಧಿನೇ ಹೀಗೆ."

"ದಿನಾ ಹೀಗೇನಾ?"

"ದಿನಾ. ಮೂರು ಸಲ ಗ್ಯಾರೇಜಿಗೆ ಹೋಗಿ ಬಂದ್ರೂ ಸರಿಹೋಗಲಿಲ್ಲ."

"ಹಾಗಾದ್ರೆ ಇದನ್ನ ಇನ್ಯಾರಿಗೂ ತೋರಿಸ್ಬೇಡಿ, ನಾನೇ ತಗೋತೀನಿ."

"ಮೇಡಂ?"

"ನಾನು ಡ್ರೈವಿಂಗ್ ಸ್ಕೂಲ್ ನಡೆಸೋದು ಕಣ್ರೀ. 'ಬ್ರೇಕ್!' ಅಂತ ಕೂಗಿದ್ರೆ ನನ್ನ ಶಿಷ್ಯರೆಲ್ಲ ಒತ್ತೋದು ಆಕ್ಸಿಲರೇಟರನ್ನೇ."