ಕಪ್ಪಾಗದ ಗೆರೆ

ಡಾಕ್ಟರು ಚಾಚಿದ ಕೈ ಹಾಗೇ ನಿಂತಿತು. ಹೊಸ ನರ್ಸ್ ಕತ್ತರಿ ಚಿಮಟಗಳ ಕವರನ್ನು ಹಿಂದಕ್ಕೆಳೆದುಕೊಂಡಿದ್ದಳು. ಮೇಜಿನ ಮೇಲೆ ರೋಗಿ ಮಲಗಿದ್ದ.

"ಫಳಫಳ ಅಂತಿದೆಯಲ್ಲಮ್ಮ, ಕ್ಲೀನಾಗೇ ಇದೆ. ಕೊಡು."

"ಕ್ಲೀನ್ ಇದೆ ಸರ್, ಸ್ಟೆರೈಲ್ ಆಗಿಲ್ಲ. ತೊಳೆದಿದ್ದಾರೆ ಅಷ್ಟೆ, ಹಬೆಗೆ ಹಾಕಿಲ್ಲ. ಹಬೆ ತಾಗಿದ್ರೆ ಕವರಿನ ಟೇಪಿನ ಗೆರೆ ಕಪ್ಪಾಗ್ಬೇಕಿತ್ತು, ಆಗಿಲ್ಲ ನೋಡಿ."

"ಬಂದ ಮೊದಲನೇ ದಿನವೇ ನಂಗೆ ಪಾಠನಾ?" ಎನ್ನುತ್ತ ಡಾಕ್ಟರು ಬಗ್ಗಿ ನೋಡಿದರು. ಗೆರೆ ಬೆಳ್ಳಗೇ ಇತ್ತು.

ಬಾಗಿಲಲ್ಲಿದ್ದ ಆಯಾ ಕತ್ತೆತ್ತಿ ಆ ಕವರನ್ನು ನೋಡಿದಳು. ಅವಸರದಲ್ಲಿ ತಪ್ಪು ಕಪಾಟಿನಿಂದ ಆ ಕವರು ತಂದುಕೊಟ್ಟವಳು ಅವಳೇ. ನರ್ಸ್ ಅವಳ ಮಗಳು. ಇಂಗ್ಲಿಷ್ ಓದದ ಆ ತಾಯಿ, ಪಾತ್ರೆ ಉಜ್ಜುತ್ತಲೇ ಮಗಳಿಗೆ ಎಷ್ಟೋ ಸಲ ಹೇಳಿದ್ದಳು: "ಕಣ್ಣಿಗೆ ಕಾಣೋ ಕೊಳೆ ಹೋದ್ರೆ ಕ್ಲೀನು. ಕಾಣದೇ ಇರೋ ಕ್ರಿಮಿನೂ ಸತ್ರೇನೇ ಸ್ಟೆರೈಲು ಕಣೇ. ಎರಡನ್ನೂ ಒಂದೇ ಅಂದ್ಕೊಂಡ್ರೆ ಜೀವ ಹೋಗತ್ತೆ."

"ಯಾರು ತಂದಿದ್ದು ಇದನ್ನ?" ಡಾಕ್ಟರು ಗದರಿದರು. ಮಗಳು ಬಾಗಿಲತ್ತ ನೋಡದೆ ಕವರನ್ನು ಪಕ್ಕಕ್ಕಿಟ್ಟಳು.

ಆಯಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ನಾನೇ ಸರ್. ತಪ್ಪು ಮಾಡಿದವಳು ನಾನು," ಎಂದಳು. "ಹಿಡಿದವಳು ನನ್ನ ಮಗಳು."