ಹೆಗಲ ಮೇಲಿನ ಬೆರಳು

“ನನ್ನ ತಮ್ಮನ್ನ ಕತ್ತರಿಸಿಬಿಡಮ್ಮ, ಅವನ ಮುಖ ನೋಡಿದ್ರೆ ಮೈ ಉರಿಯುತ್ತೆ,” ಎಂದು ಗಿರಾಕಿ ಮುಖ ತಿರುಗಿಸಿ ಕೂತ. ಸ್ಟುಡಿಯೊದವಳು ಮನೆಮಂದಿಯ ಫೋಟೊ ಕ್ರಾಪ್ ಮಾಡಿ, ರೂಢಿಬಲದಿಂದ ಮೂಲ ಫೈಲಿನ ಮೇಲೆಯೇ ಸೇವ್ ಒತ್ತಿದಳು. ಒತ್ತಿದ ಮೇಲೆ ನೆನಪಾಯಿತು: ಬೇರೆ ಪ್ರತಿ ಇರಲಿಲ್ಲ.

ಗಿರಾಕಿ ಪರದೆಗೆ ಬಗ್ಗಿದ. “ನನ್ನ ಹೆಗಲ ಮೇಲೆ ಇದ್ಯಾರ ಬೆರಳು?”

“ನಿಮ್ಮ ತಮ್ಮಂದೇ, ಅಣ್ಣ. ಅದನ್ನೂ ತೆಗೆದ್ರೆ ನಿಮ್ಮ ಹೆಗಲೂ ಹೋಗುತ್ತೆ.”

ಅವನು ಹೆಗಲು ಮುಟ್ಟಿಕೊಂಡ. “ಇಡೀ ಫೋಟೊ ಒಂದ್ಸಲ ತೋರ್ಸು.”

ಅವಳಿಗೆ ಫೈಲ್ ಇನ್ನೂ ಮುಚ್ಚಿಲ್ಲ ಎಂಬುದೊಂದೇ ಧೈರ್ಯ. ಮಾಡಿದ್ದನ್ನು ರದ್ದುಮಾಡುವ ‘ಅನ್‌ಡೂ’ ಒತ್ತಿದಳು. ತಮ್ಮ ಮರಳಿ ಬಂದ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ, ಅವನೊಬ್ಬ ಅಣ್ಣನನ್ನೇ ನೋಡಿ ನಗುತ್ತಿದ್ದ.

“ಹೀಗೇ ಇರ್ಲಿ,” ಎಂದ ಗಿರಾಕಿ ಮೆಲ್ಲಗೆ. “ಎರಡು ಪ್ರಿಂಟ್ ಹಾಕಮ್ಮ.”