ಅಳಿಯನಿಗೆ ಜಂತುಹುಳದ ಮಾತ್ರೆ

ಎರಡು ದಿನಕ್ಕೆಂದು ಬಂದ ಅಳಿಯ ಹದಿನೈದು ದಿನವಾದರೂ ಕದಲಲಿಲ್ಲ. ಬೆಳಿಗ್ಗೆ ಎದ್ದರೆ ಹದಿನಾರು ಇಡ್ಲಿ. ಅಳಿಯದೇವರಿಗೆ ‘ಹೊರಡಿ’ ಎನ್ನುವುದುಂಟೆ? ಹೊಟ್ಟೆಯಲ್ಲಿ ಹುಳುವೇ ಇರಬೇಕೆಂದು ಅತ್ತೆ ಔಷಧಿ ಅಂಗಡಿಗೆ ಓಡಿದರು.

“ಜಂತುಹುಳದ ಮಾತ್ರೆ ಕೊಡಪ್ಪ. ತಗೊಂಡ್ರೆ ತೊಂದರೆ ಏನಾದ್ರೂ ಆಗುತ್ತಾ?”

“ಕೆಲವರಿಗೆ ಒಂದೆರಡು ದಿನ ಹಸಿವಾಗಲ್ಲ, ತಲೆ ಸುತ್ತುತ್ತೆ. ಅಷ್ಟೇ ಅಮ್ಮ.”

“ಹಸಿವಾಗಲ್ವಾ? ಅಷ್ಟಾದ್ರೆ ಸಾಕಪ್ಪ!”

“ಮನೆಮಂದಿಯೆಲ್ಲ ತಗೊಂಡಿದ್ದೀವಿ” ಎಂದು ಅಳಿಯನಿಗೂ ಒಂದು ಮಾತ್ರೆ ಕೊಟ್ಟರು.

ಮರುದಿನ ಅವನು ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಅತ್ತೆಗೆ ಹಾಲು ಕುಡಿದಷ್ಟು ಸಂತೋಷ.

“ಯಾಕೆ ಅಳಿಯಂದ್ರೇ, ಸೇರಲಿಲ್ವಾ?”

“ಹಸಿವೇ ಇಲ್ಲ ಅತ್ತೆ, ತಲೆ ಬೇರೆ ಸುತ್ತುತ್ತಿದೆ. ಇವತ್ತು ಊರಿಗೆ ಹೊರಡೋಣ ಅಂತ ಬಟ್ಟೆಯೆಲ್ಲ ಜೋಡಿಸಿದ್ದೆ,” ಎನ್ನುತ್ತ ಅಳಿಯ ಚೀಲ ಬಿಚ್ಚತೊಡಗಿದ. “ಪೂರ್ತಿ ಹುಷಾರಾಗೋವರೆಗೂ ಇಲ್ಲೇ ಇರ್ತೀನಿ.”